ಹಸಿದ ಮಗುವಿನ ಕಾಲು ಊದುವುದೇಕೆ? ಹೈದರಾಬಾದ್‌ನಲ್ಲಿ ಉತ್ತರ ಹುಡುಕಿದ ಡಾ. ಶ್ರೀಕಂಠಯ್ಯ

ಹೈದರಾಬಾದ್: ಸರಿಯಾಗಿ ಊಟ ಸಿಗದ ಮಗು ಸೊರಗುವುದು ಸಹಜ. ಆದರೆ ಕೆಲವು ಮಕ್ಕಳಲ್ಲಿ ಕಾಲು, ಮುಖ ಊದಿಕೊಂಡು ಮಗು ದಪ್ಪಗಾದಂತೆ ಕಾಣುತ್ತದೆ. ಕ್ವಾಶಿಯೋರ್ಕರ್ ಎಂಬ ಈ ಕಾಯಿಲೆ ಜೀವಕ್ಕೇ ಕುತ್ತು ತರಬಲ್ಲದು. ಊತಕ್ಕೆ ಕಾರಣವೇನು ಎಂದು ದಶಕಗಳ ಕಾಲ ಹುಡುಕಿದವರಲ್ಲಿ ಡಾ. ಎಸ್‌.ಜಿ. ಶ್ರೀಕಂಠಯ್ಯ ಪ್ರಮುಖರು. ಅವರ ಹುಡುಕಾಟ ಹಾರ್ಮೋನಿನಿಂದ ಮೆದುಳಿನವರೆಗೂ ಸಾಗಿತು.

ಕೂನೂರಿನಿಂದ ತಾರ್ನಾಕಕ್ಕೆ

1918ರಲ್ಲಿ ಕೂನೂರಿನಲ್ಲಿ ಶುರುವಾದ ಪುಟ್ಟ ಪ್ರಯೋಗಾಲಯ 1958ರಲ್ಲಿ ಹೈದರಾಬಾದ್‌ಗೆ ಸ್ಥಳಾಂತರವಾಯಿತು. 1969ರಲ್ಲಿ ಅದೇ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ (ಎನ್‌ಐಎನ್) ಆಯಿತು. ಡಾ. ಸಿ. ಗೋಪಾಲನ್ ಅವರೊಂದಿಗೆ ಇಲ್ಲಿ ಸಂಶೋಧನೆ ನಡೆಸಿದ ಶ್ರೀಕಂಠಯ್ಯ, ಅವರ ನಂತರ ಸಂಸ್ಥೆಯ ನಿರ್ದೇಶಕರೂ ಆದರು. ಬಳಿಕ ಮೈಸೂರು ವಿಶ್ವವಿದ್ಯಾಲಯದಲ್ಲಿ ಆಹಾರ ಮತ್ತು ಪೋಷಣೆ ವಿಷಯದ ಪ್ರಾಧ್ಯಾಪಕರಾಗಿದ್ದರು.

ಊತದ ಹಿಂದೆ ಹಾರ್ಮೋನ್

ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಕಡಿಮೆಯಾದರೆ ನೀರು ಹೊರಗೆ ಸೋರಿ ಮೈ ಊದುತ್ತದೆ ಎಂಬುದು ಹಳೆಯ ವಿವರಣೆ. ಆದರೆ ಚಿಕಿತ್ಸೆ ಪಡೆದ ಮಕ್ಕಳಲ್ಲಿ ಆಲ್ಬುಮಿನ್ ಏರುವ ಮೊದಲೇ ಊತ ಇಳಿಯುವುದೂ ಕಂಡುಬಂತು. ಹಾಗಾದರೆ ಬೇರೆ ಕಾರಣವೂ ಇರಬೇಕಲ್ಲವೇ?

1958ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಶ್ರೀಕಂಠಯ್ಯ ಫೆರಿಟಿನ್ ಕಡೆ ಬೊಟ್ಟು ಮಾಡಿದರು. ಇದು ದೇಹದಲ್ಲಿ ಕಬ್ಬಿಣವನ್ನು ಕೂಡಿಡುವ ಪ್ರೋಟೀನ್. ಅಪೌಷ್ಟಿಕತೆಯಿಂದ ಯಕೃತ್ತಿಗೆ ಪೆಟ್ಟಾದಾಗ ಫೆರಿಟಿನ್ ರಕ್ತಕ್ಕೆ ಸೇರುತ್ತದೆ. ಅದು ಎಡಿಎಚ್ ಎಂಬ ಹಾರ್ಮೋನ್ ಹೆಚ್ಚು ಬಿಡುಗಡೆಯಾಗುವಂತೆ ಮಾಡುತ್ತದೆ ಎಂಬುದು ಅವರ ವಾದ. ಮೆದುಳಿನ ಹೈಪೋಥಲಾಮಸ್‌ನಲ್ಲಿ ತಯಾರಾಗಿ ಪಿಟ್ಯುಟರಿ ಗ್ರಂಥಿಯಿಂದ ಹೊರಬರುವ ಈ ಹಾರ್ಮೋನ್, ನೀರನ್ನು ಹೊರಹಾಕದಂತೆ ಮೂತ್ರಪಿಂಡಕ್ಕೆ ಸೂಚನೆ ಕೊಡುತ್ತದೆ. ಪರಿಣಾಮ, ನೀರು ದೇಹದಲ್ಲೇ ಉಳಿಯುತ್ತದೆ.

ಈ ವಾದವೇ ಅಂತಿಮ ಉತ್ತರವಾಗಲಿಲ್ಲ. ಊತಕ್ಕೆ ಹಲವು ಕಾರಣ ಸೇರಿರಬಹುದು ಎಂಬ ಚರ್ಚೆ ಇಂದಿಗೂ ನಡೆದಿದೆ. ಆದರೆ ಪ್ರೋಟೀನ್ ಕೊರತೆಯೊಂದನ್ನೇ ನೋಡುತ್ತಿದ್ದವರ ಗಮನ ಹಾರ್ಮೋನ್‌ಗಳತ್ತಲೂ ಹರಿಯಿತು.

ಮೆದುಳಿನ ಮೇಲೂ ಪರಿಣಾಮ

ಕಾಯಿಲೆ ವಾಸಿಯಾದ ಮೇಲೆ ಮಗುವಿನ ಬುದ್ಧಿ ಬೆಳವಣಿಗೆ ಹೇಗಿರುತ್ತದೆ? ಚಂಪಕಂ, ಶ್ರೀಕಂಠಯ್ಯ ಮತ್ತು ಗೋಪಾಲನ್ 1968ರಲ್ಲಿ ಇದನ್ನು ಪರೀಕ್ಷಿಸಿದರು. ಎಳವೆಯಲ್ಲಿ ಕ್ವಾಶಿಯೋರ್ಕರ್‌ಗೆ ಚಿಕಿತ್ಸೆ ಪಡೆದಿದ್ದ 19 ಮಕ್ಕಳನ್ನು 8ರಿಂದ 11ನೇ ವಯಸ್ಸಿನಲ್ಲಿ, ಅದೇ ಹಿನ್ನೆಲೆಯ ಇತರ ಮಕ್ಕಳೊಂದಿಗೆ ಹೋಲಿಸಿದರು. ಕಾಯಿಲೆ ಬಂದಿದ್ದವರು ಪರೀಕ್ಷೆಗಳಲ್ಲಿ ಹಿಂದಿದ್ದರು. ಈ ಅಂತರ ಚಿಕ್ಕ ವಯಸ್ಸಿನವರಲ್ಲಿ ಹೆಚ್ಚು, ದೊಡ್ಡವರಲ್ಲಿ ಕಡಿಮೆ ಇತ್ತು.

ಜೋಳವನ್ನೇ ನಂಬಿದ್ದ ದಖ್ಖನ್‌ನ ಬಡವರಲ್ಲಿ ಕಾಣುತ್ತಿದ್ದ ಪೆಲಾಗ್ರಾ ಕಾಯಿಲೆಯನ್ನೂ ಅವರು ಅಧ್ಯಯನ ಮಾಡಿದರು. ಬಿಸಿಲಿಗೆ ಚರ್ಮ ಕಪ್ಪಾಗಿ ಸುಲಿಯುವುದರ ಜೊತೆಗೆ ಖಿನ್ನತೆಯೂ ಇದರ ಲಕ್ಷಣ. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಇದಕ್ಕೆ ಕಾರಣವಿರಬಹುದು ಎಂದು 1960ರಲ್ಲಿ ಗೋಪಾಲನ್ ಮತ್ತು ಶ್ರೀಕಂಠಯ್ಯ ಹೇಳಿದ್ದರು. 1968ರಲ್ಲಿ ಶ್ರೀಕಂಠಯ್ಯ ಮತ್ತು ಸಹೋದ್ಯೋಗಿಗಳು ರೋಗಿಗಳ ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ಇಇಜಿ ಮೂಲಕ ದಾಖಲಿಸಿದರು. ಹಾಗೆಂದು ಜೋಳದ ರೊಟ್ಟಿಗೆ ಹೆದರಬೇಕಿಲ್ಲ. ಬೇಳೆ, ಹಾಲು, ಪಲ್ಯದ ಜೊತೆ ತಿಂದರೆ ಅದು ಒಳ್ಳೆಯ ಊಟವೇ.

ಪೋಷಕರು ಏನು ಗಮನಿಸಬೇಕು?

ಮಗುವಿನ ಎರಡೂ ಪಾದಗಳ ಮೇಲೆ ಹೆಬ್ಬೆರಳಿನಿಂದ ಮೂರು ಸೆಕೆಂಡ್ ಒತ್ತಿ ನೋಡಿ. ಬೆರಳು ತೆಗೆದ ಮೇಲೂ ಗುಳಿ ಹಾಗೇ ಉಳಿದರೆ ತಕ್ಷಣ ವೈದ್ಯರ ಬಳಿ ಕರೆದೊಯ್ಯಿರಿ. ಇದು ತೀವ್ರ ಅಪೌಷ್ಟಿಕತೆಯ ಲಕ್ಷಣವಾಗಿರಬಹುದು. ಅಂಥ ಊತಕ್ಕೆ ಮೂತ್ರ ಹೆಚ್ಚಿಸುವ ಮಾತ್ರೆ ಕೊಡಬಾರದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಲ್ಲಿ ಬೇಕಿರುವುದು ವೈದ್ಯರ ನಿಗಾದಲ್ಲಿ ಹಂತ ಹಂತವಾಗಿ ಕೊಡುವ ಆಹಾರ. ಮಗು ಗುಂಡಗಿದೆ ಎಂದ ಮಾತ್ರಕ್ಕೆ ಅದರ ಹೊಟ್ಟೆ ತುಂಬಿದೆ ಎಂದಲ್ಲ.