ಕೆಲಸ ಹೋದ ಮೇಲೆ ಬೆಳಗಿನ ಹನ್ನೊಂದು ಗಂಟೆ

ಯಾರಾದರೂ ಕೆಲಸ ಕಳೆದುಕೊಂಡರು ಅಂದ ತಕ್ಷಣ ನಾವು ಕೇಳೋದು ದುಡ್ಡಿನ ಲೆಕ್ಕ. ಇಎಂಐ ಹೇಗೆ, ಬಾಡಿಗೆ ಹೇಗೆ, ಮಕ್ಕಳ ಫೀಸು ಹೇಗೆ ಅಂತ. ಕೇಳಬೇಕಾದ್ದೇ. ಆದರೆ ಸ್ವಲ್ಪ ಹೊತ್ತು ಅವರ ಜೊತೆ ಕೂತು ಮಾತಾಡಿ ನೋಡಿ. ತಿಂಗಳ ಕೊನೆ ಬರೋದಕ್ಕೂ ಮೊದಲೇ ಅವರನ್ನು ಕಾಡೋದು ಬೆಳಗಿನ ಹನ್ನೊಂದು ಗಂಟೆ. ಮನೆಯವರೆಲ್ಲ ಹೊರಗೆ ಹೋಗಿರುತ್ತಾರೆ. ಪೇಪರ್ ಎರಡು ಸಲ ಓದಿಯಾಗಿದೆ. ಯಾವ ಕಂಪನಿಯಿಂದಲೂ ಮೇಲ್ ಬಂದಿಲ್ಲ. ಈಗ ಏನು ಮಾಡೋದು? ಇವತ್ತಿನ ಸಂಚಿಕೆ ಈ ಹನ್ನೊಂದು ಗಂಟೆಯ ಬಗ್ಗೆ.

ಇದನ್ನು ಬಹಳ ಹತ್ತಿರದಿಂದ ನೋಡಿದ ಒಂದು ಅಧ್ಯಯನ ಇದೆ. ಅದು ನಡೆದದ್ದು ಆಸ್ಟ್ರಿಯಾದಲ್ಲಿ, ವಿಯೆನ್ನಾ ನಗರದ ಹತ್ತಿರದ ಮಾರಿಯೆಂತಾಲ್ ಅನ್ನೋ ಊರಲ್ಲಿ. ಅಲ್ಲಿದ್ದದ್ದು ಒಂದೇ ಬಟ್ಟೆ ಗಿರಣಿ, ಊರಿಗೆ ಊರೇ ಅದನ್ನು ನಂಬಿಕೊಂಡಿತ್ತು. ನಮ್ಮ ಕೆಜಿಎಫ್ ಚಿನ್ನದ ಗಣಿಯನ್ನು ನಂಬಿಕೊಂಡಿದ್ದ ಹಾಗೆ ಅಂದುಕೊಳ್ಳಿ. ಜಾಗತಿಕ ಆರ್ಥಿಕ ಕುಸಿತ ಬಂತು, 1930ರ ಹೊತ್ತಿಗೆ ಗಿರಣಿ ಮುಚ್ಚಿತು. ಊರಲ್ಲಿದ್ದ 478 ಕುಟುಂಬಗಳಲ್ಲಿ ಹೆಚ್ಚಿನವರ ಮನೆಯಲ್ಲಿ ಕೆಲಸ ಇದ್ದವರೇ ಇಲ್ಲದ ಹಾಗಾಯ್ತು. ಮರುವರ್ಷ ಮರೀ ಯಹೋದಾ, ಪೌಲ್ ಲಾಜರ್ಸ್‌ಫೆಲ್ಡ್, ಹಾನ್ಸ್ ಜೈಸೆಲ್ ಅನ್ನುವ ಯುವ ಸಂಶೋಧಕರು ತಂಡ ಕಟ್ಟಿಕೊಂಡು ಅಲ್ಲಿಗೆ ಹೋದರು. ಸುಮ್ಮನೆ ನೋಟ್‌ಬುಕ್ ಹಿಡಿದು ಕೂರಲಿಲ್ಲ ಅನ್ನೋದು ನನಗೆ ಇಷ್ಟವಾದ ಸಂಗತಿ. ಬಟ್ಟೆ ಹಂಚಿದರು, ಉಚಿತವಾಗಿ ವೈದ್ಯರು ನೋಡುವ ಏರ್ಪಾಡು ಮಾಡಿದರು, ಹೊಲಿಗೆಗೆ ಬಟ್ಟೆ ಕತ್ತರಿಸೋದನ್ನು ಕಲಿಸುವ ತರಗತಿ ನಡೆಸಿದರು. ಜನರ ನಡುವೆ ಇದ್ದುಕೊಂಡೇ ವಿಷಯ ತಿಳಿದುಕೊಂಡರು.

ಅವರಿಗೆ ಕಂಡದ್ದು ವಿಚಿತ್ರವಾಗಿತ್ತು. ಎಲ್ಲರ ಕೈಯಲ್ಲೂ ಬೇಕಾದಷ್ಟು ಸಮಯ ಇತ್ತಲ್ಲ, ಹಾಗಾದರೆ ಜನ ಹೆಚ್ಚು ಓದಬೇಕಿತ್ತು. ಗ್ರಂಥಾಲಯದವರು ಶುಲ್ಕವನ್ನೂ ತೆಗೆದುಹಾಕಿದ್ದರು. ಆದರೂ ಎರಡೇ ವರ್ಷದಲ್ಲಿ, ಜನ ಎರವಲು ಒಯ್ಯುವ ಪುಸ್ತಕಗಳ ಸಂಖ್ಯೆ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯಿತು. ಊರಿಗೊಂದು ಚಂದದ ಉದ್ಯಾನ ಇತ್ತು. ಕಳೆ ಕೀಳೋಕೆ ನೂರಾರು ಕೈ ಖಾಲಿ ಇದ್ದವು, ಆದರೂ ಉದ್ಯಾನದ ತುಂಬ ಕಳೆ ಬೆಳೆಯಿತು. ಸಂಶೋಧಕರು ಕಿಟಕಿ ಹತ್ತಿರ ಗಡಿಯಾರ ಹಿಡಿದು ನಿಂತು ಜನ ನಡೆಯುವ ವೇಗವನ್ನೂ ಅಳೆದರು. ಗಂಡಸರು ನಾಲ್ಕು ಹೆಜ್ಜೆ ಹಾಕಿ ನಿಲ್ಲೋರು, ಮತ್ತೆ ಹೊರಡೋರು, ಮತ್ತೆ ನಿಲ್ಲೋರು. ಹೆಂಗಸರು ಮಾತ್ರ ಸರಸರ ನಡೆದು ಹೋಗೋರು.

ಯಾಕೆ? ಹೆಂಗಸರಿಗೂ ಗಿರಣಿಯ ಕೂಲಿ ಹೋಗಿತ್ತು, ಆದರೆ ಮನೆಗೆಲಸ ಹೋಗಿರಲಿಲ್ಲ. ಒಲೆ ಹಚ್ಚಬೇಕು, ಮಗುವಿಗೆ ಉಣ್ಣಿಸಬೇಕು, ಇದ್ದ ನಾಲ್ಕು ಕಾಸಿನಲ್ಲಿ ನಾಳೆಗೂ ಉಳಿಸಬೇಕು. ಅವರ ದಿನಕ್ಕೆ ಒಂದು ಆಕಾರ ಇತ್ತು. (ಇದನ್ನು ಕೇಳಿ "ಹೆಂಗಸರು ಅದೃಷ್ಟವಂತರು" ಅನ್ನಬೇಡಿ. ಗಿರಣಿ ಮತ್ತೆ ತೆರೆದರೆ ಸಾಕು, ದುಡ್ಡಿಗೆ ಮಾತ್ರ ಅಲ್ಲ, ನಾಲ್ಕು ಗೋಡೆಯಿಂದ ಆಚೆ ಬರೋಕೆ ಅಂತ ಹಂಬಲಿಸಿದವರೂ ಅವರೇ.) ಇವತ್ತು ಏನೇನು ಮಾಡಿದಿರಿ ಅಂತ ಗಂಡಸರನ್ನು ಕೇಳಿದರೆ, ಎದ್ದದ್ದು, ಊಟ ಮಾಡಿದ್ದು, ಮಲಗಿದ್ದು ಬಿಟ್ಟರೆ ಮತ್ತೇನೂ ನೆನಪಿಗೆ ಬರುತ್ತಿರಲಿಲ್ಲ.

ಯಹೋದಾ ಈ ವಿಷಯವನ್ನು ಮುಂದೆ ದಶಕಗಟ್ಟಲೆ ಯೋಚಿಸಿದರು, 1982ರಲ್ಲಿ ಇದರ ಬಗ್ಗೆ ಪುಸ್ತಕವನ್ನೇ ಬರೆದರು. ಅವರು ಹೇಳಿದ್ದು ಇಷ್ಟು: ನೌಕರಿ ಸಂಬಳದ ಜೊತೆಗೆ ನಮಗೇ ಗೊತ್ತಿಲ್ಲದ ಹಾಗೆ ಇನ್ನೂ ಕೆಲವನ್ನು ಕೊಡುತ್ತಿರುತ್ತದೆ. ದಿನವನ್ನು ಹೊತ್ತುಹೊತ್ತಿಗೆ ಹಂಚಿಕೊಡುತ್ತದೆ. ಮನೆಯವರಲ್ಲದ ನಾಲ್ಕು ಮುಖ ತೋರಿಸುತ್ತದೆ. ನಾಲ್ಕು ಜನ ಸೇರಿ ಮಾಡುವ ಯಾವುದೋ ಒಂದರಲ್ಲಿ ನಾನೂ ಇದ್ದೇನೆ ಅನ್ನಿಸುತ್ತದೆ. "ಏನ್ ಮಾಡ್ಕೊಂಡಿದ್ದೀರಿ?" ಅಂದರೆ ಹೇಳೋಕೆ ಒಂದು ಉತ್ತರ ಇರುತ್ತದೆ. ಮನಸ್ಸು ಇರಲಿ ಬಿಡಲಿ, ಏಳಿಸಿ ಕಳಿಸುತ್ತದೆ. ಕೆಲಸ ಹೋದ ದಿನ ಇವೆಲ್ಲ ಒಟ್ಟಿಗೆ ಹೋಗುತ್ತವೆ, ಆದರೆ ಕಣ್ಣಿಗೆ ಬೀಳೋದು ಸಂಬಳ ಒಂದೇ.

ಅದೇ ವಿಯೆನ್ನಾದಲ್ಲಿ, ಅದೇ ಕಾಲದಲ್ಲಿ ವಿಕ್ಟರ್ ಫ್ರಾಂಕಲ್ ಅನ್ನುವ ಮನೋವೈದ್ಯರು ನಿರುದ್ಯೋಗಿ ಯುವಕರನ್ನು ನೋಡುತ್ತಿದ್ದರು. ಆ ಹುಡುಗರ ಖಿನ್ನತೆಯ ಬುಡದಲ್ಲಿ ಅವರಿಗೆ ಕಂಡದ್ದು ಒಂದು ತಪ್ಪು ಲೆಕ್ಕ: ನನಗೆ ಕೆಲಸ ಇಲ್ಲ, ಅಂದರೆ ನನ್ನಿಂದ ಉಪಯೋಗ ಇಲ್ಲ, ಅಂದರೆ ಬದುಕಿಗೇ ಅರ್ಥ ಇಲ್ಲ. ನಮ್ಮ ಭಾಷೆಯಲ್ಲಂತೂ ಈ ಲೆಕ್ಕ ಇನ್ನೂ ಸಲೀಸು. ಒಬ್ಬ "ಕೆಲಸ ಇಲ್ಲದವನು", ಇನ್ನೊಬ್ಬ "ಕೆಲಸಕ್ಕೆ ಬಾರದವನು". ಎರಡರ ಅರ್ಥ ಬೇರೆ ಬೇರೆ, ಆದರೆ ಮದುವೆ ಮನೆಯಲ್ಲಿ ಚಿಕ್ಕಪ್ಪನೋ ಸೋದರಮಾವನೋ "ಉದ್ಯೋಗಂ ಪುರುಷ ಲಕ್ಷಣಂ" ಅಂದುಬಿಟ್ಟರೆ ಎರಡೂ ಒಂದೇ ಆಗಿ ಕೇಳಿಸುತ್ತೆ. ಬೆಳಿಗ್ಗೆ ಎಂದಿನಂತೆ ಲ್ಯಾಪ್‌ಟಾಪ್ ಬ್ಯಾಗ್ ಹೆಗಲಿಗೆ ಹಾಕಿಕೊಂಡು ಹೊರಟು, ಸಂಜೆವರೆಗೆ ಪಾರ್ಕಿನಲ್ಲಿ ಕೂತು ಬರುವವರು ನಮ್ಮ ಬೆಂಗಳೂರಲ್ಲೂ ಇದ್ದಾರೆ. ಮನೆಯಲ್ಲಿ ಹೇಳೋಕೆ ಆಗದೆ. ಆ ಗುಟ್ಟು ಕಾಪಾಡೋದಕ್ಕೇ ಅವರ ಅರ್ಧ ಶಕ್ತಿ ಹೋಗುತ್ತೆ. ಹಾಗಾಗಿ ಯಾವ ಉಪಾಯಕ್ಕೂ ಮೊದಲು ಮನೆಯಲ್ಲಿ ಒಬ್ಬರಿಗಾದರೂ ಹೇಳಿಬಿಡಿ.

ಫ್ರಾಂಕಲ್ ಆ ಯುವಕರಿಗೆ ಸೂಚಿಸಿದ್ದು ಬಹಳ ಸರಳ. ಗ್ರಂಥಾಲಯದಲ್ಲಿ, ಯುವಕ ಸಂಘಗಳಲ್ಲಿ, ವಯಸ್ಕರ ಶಿಕ್ಷಣದಲ್ಲಿ ಸಂಬಳವಿಲ್ಲದ ಒಂದು ಜವಾಬ್ದಾರಿ ತಗೊಳ್ಳಿ ಅಂತ. ಹೊಟ್ಟೆ ಹಸಿವು ಹಾಗೇ ಇತ್ತು, ಆದರೆ ಖಿನ್ನತೆ ಹೋಯಿತು ಅಂತ ಅವರು ಬರೆದಿದ್ದಾರೆ. ಹಸಿವನ್ನು ಅವರು ಮರೆಮಾಚಲಿಲ್ಲ ಅನ್ನೋದನ್ನು ಗಮನಿಸಿ. "ಪಾಸಿಟಿವ್ ಆಗಿರಿ, ಎಲ್ಲ ಸರಿಹೋಗುತ್ತೆ" ಅನ್ನುವ ಮಾತಿಗೂ ಇದಕ್ಕೂ ಬಹಳ ದೂರ.

ಹಾಗಾದರೆ ನಾವು ಏನು ಮಾಡಬಹುದು? ನನ್ನ ಮಟ್ಟಿಗೆ ಮುಖ್ಯವಾದದ್ದು, ಇಂಥ ದಿನ ಇಂಥ ಹೊತ್ತಿಗೆ ಯಾರೋ ಒಬ್ಬರು ನಿಮಗಾಗಿ ಕಾಯುತ್ತಿರಬೇಕು. ಹವ್ಯಾಸ ಒಳ್ಳೆಯದೇ, ಆದರೆ ಗಿಟಾರ್ ನಿಮಗೋಸ್ಕರ ಕಾಯೋದಿಲ್ಲ, ಹತ್ತನೇ ಕ್ಲಾಸಿನ ಹುಡುಗಿ ಕಾಯುತ್ತಾಳೆ. ಹಳ್ಳಿಯಲ್ಲಿದ್ದರೆ ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಕ್ಕೆ ಹೋಗಿ, ವಾರಕ್ಕೆ ಮೂರು ಸಂಜೆ ಮಕ್ಕಳಿಗೆ ಗಣಿತವೋ ಇಂಗ್ಲಿಷೋ ಹೇಳಿಕೊಡಬಹುದಾ ಅಂತ ಕೇಳಿ. ಕನ್ನಡ ವಿಕಿಪೀಡಿಯಕ್ಕೆ ಬರೆಯೋರು ಯಾವಾಗಲೂ ಕಡಿಮೆಯೇ. ಬೀದಿಯಲ್ಲಿರುವ ವಯಸ್ಸಾದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗೋಕೆ ಜನ ಬೇಕು. ಒಂದು ಎಚ್ಚರಿಕೆ: "ಹೇಗೂ ಖಾಲಿ ಇದ್ದೀಯಲ್ಲ" ಅಂತ ನೆಂಟರು ಹೊರಿಸುವ ಚಿಲ್ಲರೆ ಕೆಲಸ ಇದಲ್ಲ. ಅದು ನಿಮ್ಮನ್ನು ಇನ್ನಷ್ಟು ಸಣ್ಣವರನ್ನಾಗಿ ಮಾಡುತ್ತೆ. ಕೆಲಸ ನೀವೇ ಆರಿಸಿಕೊಂಡದ್ದಾಗಿರಬೇಕು. ಹಾಗೇ ಕೆಲಸ ಹುಡುಕೋದಕ್ಕೂ ದಿನಕ್ಕೆ ಎರಡು ಮೂರು ಗಂಟೆಯ ಗಡಿ ಹಾಕಿ. ಇಡೀ ದಿನ ಫೋನ್ ನೋಡುತ್ತಾ ಕೂತರೆ ಅರ್ಜಿ ಹೆಚ್ಚಾಗಲ್ಲ, ಆತಂಕ ಹೆಚ್ಚಾಗುತ್ತೆ.

ದುಡ್ಡಿನ ಬಾಗಿಲುಗಳನ್ನೂ ತಟ್ಟಿ, ಅದರಲ್ಲಿ ನಾಚಿಕೆ ಏನಿಲ್ಲ. ಮಾರಿಯೆಂತಾಲ್‌ನಲ್ಲೂ ಕುಟುಂಬದ ಭತ್ಯೆ ಕಡಿಮೆಯಾದ ಹಾಗೆ ಮನಸ್ಸೂ ಕುಸಿಯುತ್ತಿತ್ತು. ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ಯುವನಿಧಿಯಲ್ಲಿ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500, ಗರಿಷ್ಠ ಎರಡು ವರ್ಷ ಅನ್ನುವುದು ಯೋಜನೆ. ಇಎಸ್‌ಐ ಇದ್ದು ಕೆಲಸ ಹೋದವರಿಗೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಇದೆ. ಸರಾಸರಿ ದಿನಗೂಲಿಯ ಅರ್ಧದಷ್ಟು, 90 ದಿನದವರೆಗೆ. ಈಗಿನ ನಿಯಮಗಳನ್ನು ಹತ್ತಿರದ ಇಎಸ್‌ಐ ಶಾಖಾ ಕಚೇರಿಯಲ್ಲೇ ಕೇಳಿಕೊಳ್ಳಿ.

ಇನ್ನು ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇಂಥವರಿದ್ದರೆ, ಸಿಕ್ಕಾಗಲೆಲ್ಲ "ಕೆಲಸ ಸಿಕ್ತಾ?" ಅಂತ ಕೇಳಬೇಡಿ. ಸಿಕ್ಕರೆ ಅವರೇ ಹೇಳ್ತಾರೆ. "ಭಾನುವಾರ ಆರು ಗಂಟೆಗೆ ವಾಕಿಂಗ್ ಹೋಗ್ತೀನಿ, ಬರ್ತೀರಾ?" ಅಂತ ಕೇಳಿ.

ನಿದ್ದೆ, ಊಟ ಎರಡೂ ಬಿಟ್ಟುಹೋಗಿದ್ದರೆ, ಬದುಕೋದೇ ಬೇಡ ಅನ್ನಿಸುತ್ತಿದ್ದರೆ ಇಷ್ಟೆಲ್ಲ ಕೇಳಿಸಿಕೊಂಡು ಕೂರಬೇಡಿ, ಈಗಲೇ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ. ಕನ್ನಡದಲ್ಲೇ ಮಾತಾಡಬಹುದು, ಹಗಲು ರಾತ್ರಿ ಯಾವಾಗ ಬೇಕಾದರೂ.