ಬೆಂಗಳೂರಿನ ದೊಡ್ಡ ಹೋಟೆಲ್‌ನಲ್ಲಿ ರೂಮ್ ಮಾಡ್ತೀರಾ? ಬಿಲ್ ಕಟ್ಟೋ ಮುಂಚೆ ಇಷ್ಟು ತಿಳ್ಕೊಳ್ಳಿ

ಚಿಕ್ಕಪೇಟೆಗೆ ಮಾಲು ತರಲು ಹೋಗುವ ನಮ್ಮ ವ್ಯಾಪಾರಿಗಳು ರಾತ್ರಿ ಉಳಿಯೋದು ಹೆಚ್ಚಾಗಿ ಮೆಜೆಸ್ಟಿಕ್, ಗಾಂಧಿನಗರದ ಲಾಡ್ಜ್‌ಗಳಲ್ಲಿ. ಈಗ ಮದುವೆ, ಕಂಪನಿ ಮೀಟಿಂಗ್ ಅಂತ ಎಂ.ಜಿ. ರಸ್ತೆ, ರೇಸ್‌ಕೋರ್ಸ್ ರಸ್ತೆ ಕಡೆಯ ದೊಡ್ಡ ಹೋಟೆಲ್‌ಗಳಲ್ಲೂ ರೂಮ್ ಮಾಡುವವರಿದ್ದಾರೆ. ಅಲ್ಲಿ ಮೊಬೈಲ್‌ನಲ್ಲಿ ಕಂಡ ರೇಟೇ ಬೇರೆ, ಹೊರಡುವಾಗ ಕೈಗೆ ಬರೋ ಬಿಲ್ಲೇ ಬೇರೆ. ಈ ವ್ಯತ್ಯಾಸ ಎಲ್ಲಿಂದ ಬರುತ್ತೆ?

7,500 ರೂಪಾಯಿಯ ಗೆರೆ

2025ರ ಸೆಪ್ಟೆಂಬರ್ 22ರಿಂದ ದಿನಕ್ಕೆ 7,500 ರೂ.ವರೆಗಿನ ರೂಮ್‌ಗೆ ಶೇ. 5 ಜಿಎಸ್‌ಟಿ. ಮೊದಲು ಇದು ಶೇ. 12 ಇತ್ತು. ಆದರೆ 7,500 ದಾಟಿತೋ, ಪೂರ್ತಿ ಬಾಡಿಗೆಗೆ ಶೇ. 18 ಬೀಳುತ್ತೆ. ಲೆಕ್ಕ ಹಾಕಿ ನೋಡಿ: 7,500ರ ರೂಮ್‌ಗೆ ಒಟ್ಟು 7,875 ರೂ. 8,000ದ ರೂಮ್‌ಗೆ 9,440 ರೂ. ಬಾಡಿಗೆಯಲ್ಲಿ 500 ಹೆಚ್ಚು, ಬಿಲ್ಲಿನಲ್ಲಿ 1,565 ಹೆಚ್ಚು! ತೆರಿಗೆ ಬೀಳೋದು ಬೋರ್ಡ್ ಮೇಲಿನ ದರಕ್ಕಲ್ಲ, ನಿಮ್ಮಿಂದ ಪಡೆಯುವ ಬಾಡಿಗೆಗೆ. ಹಾಗಾಗಿ ಗೆರೆಯ ಹತ್ತಿರ ಇದ್ದರೆ ಚೌಕಾಶಿ ಮಾಡೋದು ಲಾಭ.

ಅಂಗಡಿಯವರೇ, ಜಿಎಸ್‌ಟಿ ನಂಬರ್ ಕೊಡಿ

ವ್ಯಾಪಾರದ ಕೆಲಸಕ್ಕೆ ಹೋಗಿದ್ದರೆ ರೂಮ್ ತಗೊಳ್ಳುವಾಗಲೇ ನಂಬರ್ ಕೊಟ್ಟು, ಅಂಗಡಿ ಹೆಸರಲ್ಲೇ ಬಿಲ್ ಮಾಡಿಸಿ. ರೂಮ್‌ಗೆ ಕಟ್ಟಿದ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಬಹುದು. ದೆಹಲಿಯಲ್ಲೋ ಮುಂಬೈನಲ್ಲೋ ಉಳಿದರೆ ಕರ್ನಾಟಕದ ನೋಂದಣಿಗೆ ಈ ಕ್ರೆಡಿಟ್ ಸಿಗಲ್ಲ. ಕಾಂಪೊಸಿಷನ್ ಸ್ಕೀಮ್‌ನಲ್ಲಿ ಇರುವವರಿಗೂ ಇಲ್ಲ. ಊಟದ ಬಿಲ್ ಇದರಲ್ಲಿ ಸೇರಲ್ಲ.

ಸರ್ವಿಸ್ ಚಾರ್ಜ್ ಕಡ್ಡಾಯ ಅಲ್ಲ

ಹೋಟೆಲ್, ರೆಸ್ಟೋರೆಂಟ್‌ನವರು ತಾವಾಗಿಯೇ ಬಿಲ್ಲಿಗೆ ಸರ್ವಿಸ್ ಚಾರ್ಜ್ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಇದನ್ನು ಎತ್ತಿಹಿಡಿದಿದೆ. ಬಿಲ್ಲಿನಲ್ಲಿ ಕಂಡರೆ 'ತೆಗೀರಿ' ಅಂತ ಕೇಳಿ. ಇದರಲ್ಲಿ ಸಂಕೋಚ ಬೇಡ.

ಕಾರು ಕೀ ಕೊಟ್ಟರೆ ಚೀಟಿ ಇಟ್ಕೊಳ್ಳಿ

1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲ್‌ನಲ್ಲಿ ಸಿಬ್ಬಂದಿಗೆ ಪಾರ್ಕಿಂಗ್‌ಗೆ ಕೊಟ್ಟಿದ್ದ ಕಾರು ಕಳುವಾಯಿತು. 'ಮಾಲೀಕರದ್ದೇ ಜವಾಬ್ದಾರಿ' ಅಂತ ಚೀಟಿಯಲ್ಲಿ ಬರೆದಿದ್ದರೂ, ನಿರ್ಲಕ್ಷ್ಯ ಇದ್ದರೆ ಹೋಟೆಲ್ ತಪ್ಪಿಸಿಕೊಳ್ಳುವಂತಿಲ್ಲ ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಆದರೆ ಕೀ ಕೊಟ್ಟಿದ್ದಕ್ಕೆ ಸಾಕ್ಷಿ ಬೇಕಲ್ಲ? ಅದು ಆ ಚೀಟಿಯೇ.

ಕೌಂಟರ್‌ನಲ್ಲೇ ಕೇಳಬೇಕಾದ್ದು

* ಹೇಳಿದ ರೇಟಿನಲ್ಲಿ ತೆರಿಗೆ ಸೇರಿದೆಯಾ? ಬೆಳಗಿನ ತಿಂಡಿ ಸೇರಿದೆಯಾ?
* ರೂಮ್ ಸಿಗೋದು ಎಷ್ಟು ಗಂಟೆಗೆ, ಬಿಡೋದು ಎಷ್ಟು ಗಂಟೆಗೆ? ಲಾಡ್ಜ್‌ನಲ್ಲಿ ಇರೋ 24 ಗಂಟೆ ಲೆಕ್ಕ ದೊಡ್ಡ ಹೋಟೆಲ್‌ನಲ್ಲಿ ಸಾಮಾನ್ಯವಾಗಿ ಇರಲ್ಲ. ರಾತ್ರಿ ಬಸ್ಸಿಗೆ ಹೋಗಿ ಬೆಳಗ್ಗೆ 6ಕ್ಕೆ ಇಳಿಯುವವರು ಇದನ್ನು ಮೊದಲೇ ಫೋನ್ ಮಾಡಿ ಕೇಳೋದು ಒಳ್ಳೇದು.
* ಡೆಪಾಸಿಟ್ ಎಷ್ಟು, ವಾಪಸ್ ಯಾವಾಗ?
* ರೂಮಿನ ಫ್ರಿಜ್‌ನಲ್ಲಿ ಇಟ್ಟಿರೋ ತಿಂಡಿ, ಕೂಲ್‌ಡ್ರಿಂಕ್ಸ್‌ಗೆ ದುಡ್ಡು ಇದೆಯಾ?

ಬಿಲ್ಲಿನಲ್ಲಿ ತಕರಾರು ಇದ್ದು ಹೋಟೆಲ್‌ನವರು ಕೇಳದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಬಿಲ್ ಮಾತ್ರ ಬಿಸಾಡಬೇಡಿ.