ಭಾವುದಾಜಿ ರಸ್ತೆಯಲ್ಲಿ ಅಜ್ಜನ ಹೆಸರು

ಮಾಟುಂಗ ಎಂದೊಡನೆ ರಾಮ ನಾಯಕರ ಬಾಳೆಎಲೆ ಊಟ, ಹೂವಿನ ಅಂಗಡಿಗಳ ಸಾಲು, ಕಿಂಗ್ಸ್ ಸರ್ಕಲ್‌ನ ಜಿಎಸ್‌ಬಿ ಗಣಪತಿ ನೆನಪಾಗುತ್ತವೆ. ಈ ಬಡಾವಣೆ ಹುಟ್ಟಿದ್ದು ಮಾತ್ರ ಸಾವಿನ ಲೆಕ್ಕದಿಂದ. 1896ರಲ್ಲಿ ಮಾಂಡ್ವಿಯಲ್ಲಿ ಕಾಣಿಸಿಕೊಂಡ ಪ್ಲೇಗು ಮುಂಬಯಿಯ ಇಕ್ಕಟ್ಟಿನ ಚಾಳುಗಳನ್ನು ಬರಿದು ಮಾಡಿತು. ಅದರ ಹಿಂದೆಯೇ 1898ರಲ್ಲಿ ಬಂದ ಇಂಪ್ರೂವ್‌ಮೆಂಟ್ ಟ್ರಸ್ಟ್, ಜನ ಗಾಳಿ ಬೆಳಕಿನಲ್ಲಿ ಬದುಕಲೆಂದು ದಾದರ್-ಮಾಟುಂಗದಲ್ಲಿ ಅಗಲ ರಸ್ತೆಗಳ ಹೊಸ ಬಡಾವಣೆಗಳನ್ನು ಯೋಜಿಸಿತು. ದಕ್ಷಿಣದವರು ಬಂದು ಬೇರೂರಿದ್ದು ಅಲ್ಲಿಯೇ.

ಪೂರ್ವ ಭಾಗದ ಭಾವುದಾಜಿ ರಸ್ತೆಯಲ್ಲಿ ಕನ್ನಡಿಗರಿಗೆ ಗೊತ್ತಿರುವ ವಿಳಾಸ 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್‌ನದು. ಅದೇ ರಸ್ತೆಯಲ್ಲಿ ಮಹಾನಗರಪಾಲಿಕೆಯ ಎಫ್ ಉತ್ತರ ವಾರ್ಡ್ ಕಚೇರಿಯೂ ಇದೆ. ತೀರಿಹೋದ ಹಿರಿಯರನ್ನು ಹುಡುಕುವವರು ಹತ್ತಬೇಕಾದ ಮೆಟ್ಟಿಲು ಅದು: ವಾರ್ಡಿನ ಸಾವಿನ ರಿಜಿಸ್ಟರು ಇರುವುದು ಅಲ್ಲಿ.

ಶಿವಡಿಯ ಕ್ರೈಸ್ತ ಸ್ಮಶಾನದಲ್ಲಿ ಅಂದಿನ ವಿ.ಟಿ. ನಿಲ್ದಾಣದ ವಾಸ್ತುಶಿಲ್ಪಿ ಸ್ಟೀವನ್ಸ್ ಸಮಾಧಿಯಿದೆ. ಉಡುಪಿಯಿಂದ ಬಂದು ಹೋಟೆಲಿನಲ್ಲಿ ಲೋಟ ತೊಳೆದು, ಊರಿಗೆ ಮನಿಯಾರ್ಡರ್ ಕಳಿಸಿ, ಇಲ್ಲೇ ತೀರಿಕೊಂಡ ಹುಡುಗನಿಗೆ ಅಂಥ ಕಲ್ಲಿಲ್ಲ. ಸಯನ್ ಸ್ಮಶಾನದಲ್ಲಿ ದಹನ, ನಾಸಿಕದಲ್ಲೋ ಗೋಕರ್ಣದಲ್ಲೋ ಅಸ್ಥಿ ವಿಸರ್ಜನೆ. ಉಳಿಯುವುದು ರಿಜಿಸ್ಟರಿನ ಒಂದು ಸಾಲು.

ಆ ಸಾಲು ಸುಲಭಕ್ಕೆ ಸಿಗುವುದಿಲ್ಲ. ಮನೆಯವರಿಗೆ ನೆನಪಿರುವುದು ತಿಥಿ: ಆಷಾಢ ಬಹುಳ ಅಷ್ಟಮಿ. ರಿಜಿಸ್ಟರು ಕೇಳುವುದು ತಾರೀಕು. ಹಳೆಯ ಪಂಚಾಂಗ ಹಿಡಿದು ಅದನ್ನು ಹೊಂದಿಸಿಕೊಂಡೇ ಹೋಗಬೇಕು. ಇನ್ನೊಂದು ಮಾತು: ಸಾವು ದಾಖಲಾಗುವುದು ಬಾಳಿದಲ್ಲಿ ಅಲ್ಲ, ಉಸಿರು ನಿಂತಲ್ಲಿ. ಮಾಟುಂಗದಲ್ಲಿ ಬಾಳಿ ಪರೇಲಿನ ಕೆಇಎಂ ಆಸ್ಪತ್ರೆಯಲ್ಲಿ ತೀರಿಕೊಂಡವರನ್ನು ಎಫ್ ದಕ್ಷಿಣ ವಾರ್ಡಿನಲ್ಲಿ ಹುಡುಕಬೇಕು. 1969ರ ನೋಂದಣಿ ಕಾಯಿದೆಯ 17ನೇ ಕಲಮಿನ ಪ್ರಕಾರ ಯಾರು ಬೇಕಾದರೂ ಶೋಧನೆಗೆ ಕೇಳಬಹುದು. ಆದರೆ ಕೊಡುವ ನಕಲಿನಲ್ಲಿ ಸಾವಿನ ಕಾರಣ ಇರುವುದಿಲ್ಲ. ಮೊಮ್ಮಕ್ಕಳಿಗೆ ಇದು ನಿರಾಸೆ. ಆದರೂ ಸರಿಯೆಂದೇ ನನಗೆ ಅನಿಸುತ್ತದೆ. ಕ್ಷಯವನ್ನು ನೆರೆಮನೆಗೂ ತಿಳಿಯದಂತೆ ಮುಚ್ಚಿಟ್ಟು ನರಳಿದವರ ಗುಟ್ಟು ಅವರದಾಗಿಯೇ ಇರಲಿ.

ತುಳುನಾಡಿನವರಿಗೆ ತೊಡಕು ಇನ್ನೂ ಹೆಚ್ಚು. 1956ರವರೆಗೆ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು. ವಿಳಾಸದಲ್ಲಿ ಮದ್ರಾಸೆಂದು ಕಂಡರೆ ಬೇರೆಯವರೆಂದು ಬಿಡಬಾರದು. ಅಳಿಯಕಟ್ಟಿನ ಮನೆತನಗಳಲ್ಲಿ ಕುಟುಂಬ, ಬಳಿ ಎಲ್ಲವೂ ತಾಯಿಯ ಕಡೆಯಿಂದ. ಹಳೆಯ ಸರಕಾರಿ ನಮೂನೆ ಕೇಳುತ್ತಿದ್ದುದೋ ತಂದೆಯ ಅಥವಾ ಗಂಡನ ಹೆಸರು. ಹೀಗಾಗಿ ಕಾಗದದಲ್ಲಿ ಬರಿಯ ‘ಶೆಟ್ಟಿ’ ಉಳಿದು, ಯಾವ ಮನೆಯವರು ಎಂಬುದು ಕಳೆದುಹೋಗುತ್ತದೆ.

ಅದನ್ನು ತುಂಬಿಕೊಡುವುದು ಪತ್ರಿಕೆಗಳ ಶ್ರದ್ಧಾಂಜಲಿ. ಭಾವಚಿತ್ರದ ಕೆಳಗೆ ಊರು, ಮನೆ, ಗುತ್ತು, ಆಮೇಲೆ ಸೋದರಳಿಯಂದಿರ ಹೆಸರುಗಳು. ಮುಂಬಯಿ ಕನ್ನಡಿಗರ ವಂಶವೃಕ್ಷಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ನನಗೆ ಕಂಡಿಲ್ಲ. ಅಸ್ಥಿ ಬಿಟ್ಟದ್ದು ನಾಸಿಕದಲ್ಲಾದರೆ ಅಲ್ಲಿನ ತೀರ್ಥ ಪುರೋಹಿತರ ನಾಮಾವಳಿ ಪುಸ್ತಕಗಳನ್ನೂ ಕೇಳಿ ನೋಡಬೇಕು. ಶ್ರಾದ್ಧದ ಸಂಕಲ್ಪದಲ್ಲಿ ಹೆಸರು ಹೇಳುವುದು ಮೂರು ತಲೆಮಾರಿನವರೆಗೆ. ಆ ಪುಸ್ತಕಗಳು ಅದಕ್ಕೂ ಹಿಂದಕ್ಕೆ ಹೋಗಬಲ್ಲವು.

ಮನೆಯ ಅಟ್ಟದಲ್ಲಿ ಹಳೆಯ ಶ್ರದ್ಧಾಂಜಲಿ ತುಣುಕು, ಉತ್ತರಕ್ರಿಯೆಯ ಕಾಗದಗಳಿದ್ದರೆ ಈ ದೀಪಾವಳಿಗೆ ಗುಡಿಸಿ ಸಾರಿಸುವಾಗ ರದ್ದಿಗೆ ಹಾಕಬೇಡಿ. ಹಿಂಬದಿಯಲ್ಲಿ ಪೆನ್ಸಿಲಿನಿಂದ ಊರು ಮತ್ತು ಮನೆಯ ಹೆಸರು ಬರೆದಿಡಿ.